ಹಳದಮ್ಮನ ಎಳ್ಳಿನ ಪುಡಿ

ಆಗಿನ ವಡಾಲದ ನಮ್ಮ ಬಿಲ್ಡಿಂಗಿನಲ್ಲಿ ಲಿಫ್ಟ್ ಇರಲಿಲ್ಲ, ವಾಚ್‌ಮನ್ ಇರಲಿಲ್ಲ, ನಲ್ಲಿಯಲ್ಲಿ ಬೆಳಗಿನ ಹೊತ್ತು ಒಂದಿಷ್ಟು ನೀರು ಬಂದರೆ ಅದೇ ಪುಣ್ಯ. ಆದರೆ ಗ್ಯಾಲರಿಗೊಂದು ಪಂಜರ ಮಾತ್ರ ಇದ್ದೇ ಇರುತ್ತಿತ್ತು. ಮುಂಬಯಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಣಗಲು ಹಾಕಿದ ಶಾಲೆಯ ಯೂನಿಫಾರ್ಮು, ಪೇಂಟ್ ಡಬ್ಬಿಯಲ್ಲಿ ಬೆಳೆದ ತುಳಸಿ, ಮಡಚಿಟ್ಟ ಮಂಚ, ಇವುಗಳ ನಡುವೆ ಕಿಚಿಪಿಚಿ ಎನ್ನುವ ಒಂದು ಜೋಡಿ ಲವ್‌ಬರ್ಡ್ಸ್. ನಾವು ಮಕ್ಕಳು ಕೆಳಗೆ ಕಂಪೌಂಡಿನಲ್ಲಿ ಲಗೋರಿ ಆಡುವಾಗ ಮೇಲಿನಿಂದ ನವಣೆಯ ಹೊಟ್ಟು ಉದುರಿ ತಲೆಗೂದಲಿಗೆ ಅಂಟಿಕೊಳ್ಳುತ್ತಿತ್ತು. ಅದು ಯಾರ ಮನೆಯ ಹೊಟ್ಟು ಎಂದು ಜಗಳವಾಡುವುದೂ ನಮಗೊಂದು ಆಟವೇ ಆಗಿತ್ತು.

ನಮ್ಮ ಮನೆಗೆ ಹಕ್ಕಿ ಬಂದದ್ದು ಅಜ್ಜಿಯ ದೆಸೆಯಿಂದ. ಅವಳು ಅಪ್ಪನ ತಾಯಿ, ಉಡುಪಿ ಕಡೆಯವಳು. ಮಗನ ಪೋರ್ಟ್ ಆಫೀಸಿನ ನೌಕರಿ ನಂಬಿಕೊಂಡು ಮುಂಬಯಿಗೆ ಬಂದಿದ್ದರೂ ಮಡಿಯನ್ನು ಮಾತ್ರ ಊರಲ್ಲಿ ಬಿಟ್ಟು ಬಂದಿರಲಿಲ್ಲ. ಒಮ್ಮೆ ಬಚ್ಚಲಿನಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಎಕ್ಸ್‌ರೇ ನೋಡಿದ ಡಾಕ್ಟರು, ಮೂಳೆ ಒಳಗಿನಿಂದಲೇ ಟೊಳ್ಳಾಗಿದೆ, ಇನ್ನೊಮ್ಮೆ ಬಿದ್ದರೆ ಕಷ್ಟ, ಕ್ಯಾಲ್ಸಿಯಂ ಮಾತ್ರೆ ಒಂದು ದಿನವೂ ತಪ್ಪಬಾರದು ಎಂದು ಹೇಳಿ ಕಳಿಸಿದ್ದರು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲೇ ಕೂತು ಅಜ್ಜಿ ಬೇಸರಪಡುತ್ತಿದ್ದಾಳೆಂದು ಅಪ್ಪ ಒಂದು ಭಾನುವಾರ ಪಂಜರ ಸಮೇತ ಜೋಡಿ ಹಕ್ಕಿ ತಂದರು. ಹಸಿರು ಗಂಡು, ಹಳದಿ ಹೆಣ್ಣು. ಅಜ್ಜಿ ಅವಕ್ಕೆ ಹಸಿರಪ್ಪ, ಹಳದಮ್ಮ ಎಂದು ಹೆಸರಿಟ್ಟಳು.

ಮಾತ್ರೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ತಿಳಿಗುಲಾಬಿ ಬಣ್ಣದ, ಕುದುರೆಗೆ ಕೊಡುವಷ್ಟು ದಪ್ಪದ ಮಾತ್ರೆ ಅದು. ಸಂಜೆ ದೇವರ ದೀಪ ಹಚ್ಚಿದ ಮೇಲೆ ಅಮ್ಮ ಅದನ್ನು ಮೈಲಿಗೆಯಾಗದ ಹಾಗೆ ಮೇಲಿನಿಂದಲೇ ಅಜ್ಜಿಯ ಅಂಗೈಗೆ ಹಾಕುತ್ತಿದ್ದಳು. ಅಜ್ಜಿಯ ತಾಮ್ರದ ಚೊಂಬು ಗ್ಯಾಲರಿಯ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು, ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅಜ್ಜಿ ಮಾತ್ರೆ ಹಿಡಿದುಕೊಂಡು ಅಲ್ಲಿಗೆ ಹೋಗಿ, ಚೊಂಬೆತ್ತಿ ನೀರು ಕುಡಿದು, ಹಕ್ಕಿಗಳ ಜೊತೆ ನಾಲ್ಕು ಮಾತಾಡಿ ಒಳಗೆ ಬರುತ್ತಿದ್ದಳು.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಗ್ಯಾಲರಿಯಿಂದ ಅಜ್ಜಿಯ ಕೂಗು ಕೇಳಿತು. "ಅಯ್ಯೋ ಕೃಷ್ಣಾ! ಸುಮಾ, ಓಡಿ ಬಾ! ಮೊಟ್ಟೆ!"

ಅಮ್ಮ ಕೈಯಲ್ಲಿದ್ದ ಸೌಟು ಸಮೇತ ಓಡಿದಳು. ಪಂಜರದೊಳಗೆ ಕಟ್ಟಿದ್ದ ಪುಟ್ಟ ಮಡಕೆಯಲ್ಲಿ, ನೆಲಕಡಲೆ ಬೀಜಕ್ಕಿಂತ ತುಸು ದೊಡ್ಡದಾದ ಬಿಳಿ ಮೊಟ್ಟೆ! ನೀವು ನಗಬಹುದು. ಆದರೆ ನಮ್ಮ ಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣವನ್ನು ಹಿಂದೆಮುಂದೆ ಓದದೆ ಒಡೆಯುತ್ತಿರಲಿಲ್ಲ. ಗೆಳತಿಯ ಹುಟ್ಟುಹಬ್ಬದಲ್ಲಿ ನಾನು ಕೇಕ್ ತಿಂದೆನೆಂದು ನಾಲಿಗೆ ಉಜ್ಜಿಸಿದ ಮನೆ ಅದು. ಬಾಗಿಲಲ್ಲಿ ತಡೆದು ನಿಲ್ಲಿಸಿದ್ದ ಮೊಟ್ಟೆ ಮನೆಯೊಳಗೇ ಹುಟ್ಟಿಬಿಟ್ಟಿತ್ತು. ಹಕ್ಕಿ ಸಾಕಿದರೆ ಅದು ಮೊಟ್ಟೆಯಿಡುತ್ತದೆ ಎಂಬುದು ನಮ್ಮ ಮನೆಯ ಇಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ ಎಂಬುದನ್ನು ನೆನೆದರೆ ನನಗೆ ಈಗಲೂ ಸೋಜಿಗವಾಗುತ್ತದೆ.

"ಪಂಜರ ಪಕ್ಕದ ಮನೆಗೆ ಕೊಟ್ಟುಬಿಡೋಣವಾ ಅತ್ತೆ?" ಎಂದು ಅಮ್ಮ ಮೆಲ್ಲಗೆ ಕೇಳಿದಳು.

ಅಜ್ಜಿ ಮಡಕೆಯೊಳಗೆ ಇನ್ನೊಮ್ಮೆ ಇಣುಕಿದಳು. ಆಮೇಲೆ, "ಇದು ತಿನ್ನಲಿಕ್ಕೆ ತಂದದ್ದಲ್ಲ, ಹೆತ್ತದ್ದು. ಬಾಣಂತಿಯನ್ನು ಮನೆಯಿಂದ ಹೊರಗೆ ಹಾಕ್ತಾರಾ ಯಾರಾದ್ರೂ?" ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಅಂದಿನಿಂದ ಹಳದಮ್ಮನಿಗೆ ಬಾಣಂತನ ಶುರು. ನೆನೆಸಿದ ಹೆಸರುಕಾಳು, ತೊಳೆದ ಕೊತ್ತಂಬರಿ ಸೊಪ್ಪು, ಬಿಸಿಲು ಬಿದ್ದರೆ ಪಂಜರಕ್ಕೆ ಒದ್ದೆ ಪಂಚೆ. ಗ್ಯಾಲರಿ ಪೂರ್ತಿ ಕೊತ್ತಂಬರಿಯ ವಾಸನೆ. ನಾನು ಬಾಗಿಲು ದಡಾರನೆ ಹಾಕಿದರೆ ಬೈಗುಳ. ಆದರೆ ಮೊಟ್ಟೆಗಳು ಉಳಿಯಲಿಲ್ಲ. ಸಿಪ್ಪೆ ಕಾಗದದಷ್ಟು ತೆಳುವಾಗಿ, ಹಕ್ಕಿ ಮೇಲೆ ಕೂತರೆ ಒಡೆದುಹೋಗುತ್ತಿದ್ದವು. ಒಡೆದಷ್ಟೂ ಹಳದಮ್ಮ ಮತ್ತೆ ಇಡುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಅವಳು ಪಂಜರದ ತಳದಲ್ಲಿ ರೆಕ್ಕೆ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ, ಬಾಲ ಮೇಲೆ ಕೆಳಗೆ ಆಡಿಸುತ್ತ ಕೂತುಬಿಟ್ಟಳು. ಮೊಟ್ಟೆ ಹೊರಗೆ ಬರದೆ ಸಿಕ್ಕಿಕೊಂಡಿತ್ತು.

ಶೂ ಡಬ್ಬಿಗೆ ತೂತು ಮಾಡಿ, ಒಳಗೆ ಹತ್ತಿ ಹಾಸಿ, ಹಾರ್ಬರ್ ಲೈನಿನ ಲೋಕಲ್ ಹಿಡಿದು ವಿಲೆ ಪಾರ್ಲೆಯ ಒಬ್ಬರು ಹಕ್ಕಿ ಡಾಕ್ಟರಮ್ಮನ ಬಳಿಗೆ ಹೋದೆವು. ಅಜ್ಜಿಯೂ ಬಂದಳು. ಮಡಿಯ ಅಜ್ಜಿ, ರೈಲಿನ ಅಷ್ಟು ಜನರ ನಡುವೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರು ತಾಗಿದರು ಯಾರು ಬಿಟ್ಟರು ಎಂದು ನೋಡದೆ ಕೂತಿದ್ದಳು. ಡಾಕ್ಟರಮ್ಮ ಹಕ್ಕಿಯನ್ನು ಅಂಗೈಯಲ್ಲಿ ಮಲಗಿಸಿ, ಬಿಸಿಬಟ್ಟೆ ಇಟ್ಟು, ಏನೋ ಹನಿ ಕುಡಿಸಿ, ತುಂಬಾ ಹೊತ್ತಿನ ಮೇಲೆ ಮೊಟ್ಟೆ ಹೊರಗೆ ತೆಗೆದರು. ಆಮೇಲೆ ಹಿಂದಿಯಲ್ಲಿ ಅಪ್ಪನಿಗೆ ಚೆನ್ನಾಗಿ ಬೈದರು. ಅಜ್ಜಿ, "ಎಂತ ಹೇಳ್ತಾರೆ?" ಎಂದು ಅಪ್ಪನ ತೋಳು ಜಗ್ಗಿದಳು.

"ಮೊಟ್ಟೆಯ ಸಿಪ್ಪೆಗೆ ಸುಣ್ಣದ ಅಂಶ ಬೇಕಂತಮ್ಮ, ಕ್ಯಾಲ್ಸಿಯಂ. ತಿನ್ನುವುದರಲ್ಲಿ ಅದು ಸಿಗದಿದ್ದರೆ ತಾಯಿಹಕ್ಕಿಯ ಮೂಳೆಯಿಂದಲೇ ಎಳೆದುಕೊಳ್ಳುತ್ತದಂತೆ. ಇವಳ ಮೂಳೆ ಎಲ್ಲ ಮೊಟ್ಟೆಗೆ ಹೋಗಿದೆ ಅಂತಾರೆ."

ಇಷ್ಟು ದಿನ ಒಡೆದು ಬಿಸಾಕಿದ ಆ ಸಿಪ್ಪೆಗಳೆಲ್ಲ ಹಳದಮ್ಮನ ಮೂಳೆಯೇ! ಅಜ್ಜಿ ತನ್ನ ಸೊಟ್ಟಗೆ ಕೂಡಿಕೊಂಡಿದ್ದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಸವರಿಕೊಂಡಳು. ಆರು ಮಕ್ಕಳನ್ನು ಹೆತ್ತವಳು ಅವಳು.

ಡಾಕ್ಟರಮ್ಮ ಹೇಳಿದಂತೆ ಅಪ್ಪ ಹಕ್ಕಿ ಅಂಗಡಿಯಿಂದ ಒಂದು ವಸ್ತು ತಂದು ಪಂಜರಕ್ಕೆ ಕಟ್ಟಿದರು. ದೋಣಿಯ ಆಕಾರ, ಬೆಳ್ಳಗೆ, ಕೈಗೆ ಹಗುರ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಅಂಗಡಿಯವನು ಅದಕ್ಕೆ ಸಮುದ್ರ ಝಾಗ್, ಅಂದರೆ ಕಡಲಿನ ನೊರೆ ಎಂದಿದ್ದನಂತೆ. ನೊರೆ ಎಂದ ಮೇಲೆ ಯಾರಿಗೇನು ತಕರಾರು? ಹಳದಮ್ಮ ಅದನ್ನು ಕೊಕ್ಕಿನಿಂದ ಕುಟುಕಿದ್ದೇ ಕುಟುಕಿದ್ದು. ಅಜ್ಜಿಗೆ ಎಷ್ಟು ಖುಷಿಯಾಯಿತೆಂದರೆ, ಕಡಲ ತಾಯಿಯ ಪ್ರಸಾದ ಎಂದು ಅದಕ್ಕೆ ಕೈಮುಗಿದಳು.

ಅದೇ ಹೊತ್ತಿಗೆ ಎದುರು ಮನೆಯ ಶಾರದಕ್ಕ ಮೊಸರಿನ ಹೆಪ್ಪು ಕೇಳಲು ಬಂದರು. ಅವರು ಮಲ್ಪೆಯವರು. ಅವರ ಗಂಡ ಸ್ಟೇಷನ್ ಹತ್ತಿರ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅವರ ಮನೆಯಲ್ಲಿ ಮೀನು ಹುರಿದರೆ ಅಮ್ಮ ಊದುಬತ್ತಿ ಹಚ್ಚುತ್ತಿದ್ದಳು. ಅದರಾಚೆಗೆ ಎರಡೂ ಮನೆಗಳಿಗೆ ಬಹಳ ಪ್ರೀತಿ.

ಶಾರದಕ್ಕ ಪಂಜರ ನೋಡಿ ಬಾಯಿಗೆ ಸೆರಗು ಒತ್ತಿಕೊಂಡರು. "ಅಯ್ಯೋ ಅಜ್ಜೀ, ನೀವು ಇದಕ್ಕೆ ಕೈ ಮುಗಿಯುವುದಾ? ಇದು ನೊರೆಯೂ ಅಲ್ಲ ಎಂತದೂ ಅಲ್ಲ ಮಾರಾಯ್ರೇ. ಬೊಂಡಾಸಿನ ಎಲುಬು! ನಮ್ಮ ಊರಲ್ಲಿ ಕಡಲ ಕರೆಯಲ್ಲಿ ರಾಶಿ ಬಿದ್ದಿರ್ತದೆ."

"ಬೊಂಡಾಸು ಅಂದ್ರೆ?" ಅಜ್ಜಿಯ ದನಿ ಸಣ್ಣಗಾಗಿತ್ತು.

"ಮೀನಿನ ಜಾತಿಯದ್ದೇ. ನಾವು ಸುಕ್ಕ ಮಾಡ್ತೇವೆ."

ಅಜ್ಜಿ ಪಂಜರದಿಂದ ಎರಡು ಹೆಜ್ಜೆ ಹಿಂದೆ ಸರಿದಳು. ತುಳಸಿಯ ಪಕ್ಕದಲ್ಲಿ ಎಲುಬು, ಅದಕ್ಕೆ ಕೈಮುಗಿದದ್ದು ಬೇರೆ! ಅಮ್ಮ ಚಿಮಟದಿಂದ ಅದನ್ನು ಕಿತ್ತು ಪೇಪರಿನಲ್ಲಿ ಸುತ್ತಿ ಹೊರಗಿಟ್ಟಳು. ಶಾರದಕ್ಕನಿಗೆ ಪಾಪ, ಹೆಪ್ಪು ಕೇಳಲು ಬಂದು ಇಷ್ಟು ರಂಪ ಆಯಿತಲ್ಲ ಎಂದು ಕಸಿವಿಸಿ. ಸಮಾಧಾನ ಹೇಳಲು ಹೋಗಿ, "ನಾವಾದ್ರೆ ಮೊಟ್ಟೆ ಸಿಪ್ಪೆ ಹುರಿದು ಪುಡಿ ಮಾಡಿ ಹಾಕ್ತೇವೆ, ನಿಮಗೆ ಅದೂ ಆಗ್ಲಿಕ್ಕಿಲ್ಲ" ಎಂದರು. ಅಜ್ಜಿ ಕಿವಿ ಮುಚ್ಚಿಕೊಂಡಳು. ಶಾರದಕ್ಕ ನಗುತ್ತ, "ಇಷ್ಟು ನೋಡ್ತಾ ಕೂತ್ರೆ ಆಗ್ಲಿಕ್ಕುಂಟಾ ಅಜ್ಜಿ? ನೀವು ನುಂಗುವ ಮಾತ್ರೆಯೂ ಕಡಲ ಚಿಪ್ಪಿಂದೇ. ನಮ್ಮ ಅತ್ತೆಯದ್ದೂ ಅದೇ ಮಾತ್ರೆ, ನಮ್ಮವರು ಓದಿ ಹೇಳಿದ್ರು" ಎಂದುಬಿಟ್ಟರು.

ಅಮ್ಮ ಅವರಿಗೆ ಕಣ್ಣು ಮಾಡಿದಳು. ಆಗಲೇ ಹೊತ್ತು ಮೀರಿತ್ತು. "ಇಲ್ಲ ಅತ್ತೆ, ಔಷಧಿಗೆ ದೋಷ ಇಲ್ಲ, ಅದು ಬೇರೆ" ಎಂದಳು. ಅಜ್ಜಿ ರೇಗಲಿಲ್ಲ, ಅಳಲಿಲ್ಲ. "ಆಯ್ತು, ಆಯ್ತು" ಎಂದು ತಲೆಯಾಡಿಸಿದಳು. ಅಂದು ಸಂಜೆ ದೀಪ ಹಚ್ಚಿದ ಮೇಲೆ ತಾನೇ ಅಂಗೈ ಚಾಚಿದಳು. ಸದ್ಯ, ಗಂಡಾಂತರ ಕಳೆಯಿತು ಎಂದು ಅಮ್ಮ ಅಪ್ಪನ ಮುಖ ನೋಡಿದಳು.

ಹಳದಮ್ಮನಿಗೆ ಇನ್ನೇನು ಕೊಡುವುದು ಎಂದು ಅಪ್ಪ ತಲೆ ಕೆಡಿಸಿಕೊಂಡಾಗ ಅಜ್ಜಿ, "ನೀನು ಸುಮ್ಮನಿರು. ಎಳ್ಳಿನಲ್ಲಿ ಬೇಕಾದಷ್ಟು ಸುಣ್ಣ ಉಂಟು. ನಾನು ನೋಡಿಕೊಳ್ತೇನೆ" ಎಂದಳು. ಊರಿನಿಂದ ತಂದಿದ್ದ ಪುಟ್ಟ ಕಲ್ಲಿನ ಕುಟ್ಟಾಣಿ ಗ್ಯಾಲರಿಗೆ ಹೋಯಿತು. ಪ್ರತಿ ಸಂಜೆ ಟಕ್ ಟಕ್ ಸದ್ದು. ಹುರಿದ ಎಳ್ಳಿನ ಘಮ ಮನೆಯೆಲ್ಲ ಹರಡುತ್ತಿತ್ತು. ನನಗೂ ಬೆಲ್ಲ ಸೇರಿಸಿ ಒಂದು ಉಂಡೆ ಸಿಗುತ್ತಿತ್ತು, ಆದರೆ ಅದನ್ನು ಅಜ್ಜಿ ಒಳಗೆ ಬಂದೇ ಕೊಡುತ್ತಿದ್ದಳು. ಕುಟ್ಟುವಾಗ ಗ್ಯಾಲರಿಯ ಬಾಗಿಲು ಓರೆ ಮಾಡಿರುತ್ತಿತ್ತು. ಹಕ್ಕಿಗೆ ಗಲಾಟೆ ಆಗಬಾರದು ಎಂಬ ಕಾರಣ ನಮಗೆ ಸಾಕಾಗಿತ್ತು.

ಹಳದಮ್ಮ ಹೇಗೆ ಚೇತರಿಸಿಕೊಂಡಳೆಂದರೆ, ನಾವೆಲ್ಲ ಬೆರಗಾದೆವು. ಗರಿಗೆ ಹೊಳಪು ಬಂತು. ಸಂಕ್ರಾಂತಿ ಕಳೆದ ಮೇಲೆ ಇಟ್ಟ ಮೊಟ್ಟೆಗಳು ಗಟ್ಟಿಯಾಗಿದ್ದವು, ಮರಿಗಳೂ ಆದವು. ಮೊದಲ ಸಲ ಮಡಕೆಯೊಳಗೆ ಇಣುಕಿ ನಾನು ಕಿರುಚಿದ್ದೆ. ರೋಮವಿಲ್ಲದ, ಕಣ್ಣು ತೆರೆಯದ, ಕೆಂಪು ಮಾಂಸದ ಮುದ್ದೆಗಳು! ಅಜ್ಜಿ ನಕ್ಕು, "ನೀನೂ ಹುಟ್ಟಿದಾಗ ಹೀಗೇ ಇದ್ದದ್ದು" ಎಂದಳು. ಅಜ್ಜಿಯ ಎಳ್ಳಿನ ಪುಡಿಯ ಕೀರ್ತಿ ಬಿಲ್ಡಿಂಗ್ ತುಂಬ ಹಬ್ಬಿತು. ಶಾರದಕ್ಕ ಕೂಡ ಎಳ್ಳು ಕುಟ್ಟಿ ತಮ್ಮ ಹಕ್ಕಿಗೆ ಹಾಕಿ ನೋಡಿದರು, ಏನೂ ಆಗಲಿಲ್ಲ. "ನಿಮ್ಮ ಕೈಗುಣ ಅಜ್ಜಿ" ಎಂದರು. ಅಜ್ಜಿ ಬೇರೆ ಮಾತು ತೆಗೆದಳು.

ಮೇ ತಿಂಗಳು. ಶಾಲೆಗೆ ರಜೆ. ಮಧ್ಯಾಹ್ನ ಅಮ್ಮ ಮಾವಿನಹಣ್ಣಿನ ಸೀಕರಣೆ ಮಾಡುತ್ತಿದ್ದಳು, ನಾನು ಬಟ್ಟಲು ನೆಕ್ಕಲು ಕಾಯುತ್ತಿದ್ದೆ. ಅಜ್ಜಿ ಗ್ಯಾಲರಿಯಲ್ಲಿ ಮಣೆಯ ಮೇಲೆ ಕೂತವಳು ಎದ್ದಳು. ಎದ್ದು ಪಂಜರದ ಕಡೆ ತಿರುಗಿದಳು, ಅಷ್ಟೇ. ಜಾರಲಿಲ್ಲ, ಎಡವಲಿಲ್ಲ. ಒಣ ಕಡ್ಡಿ ಮುರಿದಂಥ ಸದ್ದು ನನಗೇ ಕೇಳಿಸಿತು. ಮೊದಲು ಮೂಳೆ ಮುರಿದು, ಆಮೇಲೆ ಅಜ್ಜಿ ಬಿದ್ದಳು. ಬಿದ್ದರೆ ಮೂಳೆ ಮುರಿಯುವುದು ಗೊತ್ತಿತ್ತು. ನಿಂತಲ್ಲೇ ಮನುಷ್ಯರ ಮೂಳೆ ಮುರಿಯುತ್ತದೆ ಎಂಬುದು ನನ್ನ ಕಲ್ಪನೆಯಲ್ಲೂ ಇರಲಿಲ್ಲ. ಅಮ್ಮ ಸೀಕರಣೆಯ ಬಟ್ಟಲು ಬಿಟ್ಟು ಓಡಿದಳು.

ಶಾರದಕ್ಕನ ಗಂಡ ಮತ್ತು ಕೆಳಗಿನ ಮನೆಯವರು ಸೇರಿ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದರು. ಆಸ್ಪತ್ರೆಯಲ್ಲಿ ಸೊಂಟದ ಎಕ್ಸ್‌ರೇ ನೋಡಿದ ಡಾಕ್ಟರು ಅಮ್ಮನನ್ನು ಕೇಳಿದ ಮೊದಲ ಪ್ರಶ್ನೆ, "ಕ್ಯಾಲ್ಸಿಯಂ ಸರಿಯಾಗಿ ತಗೊಳ್ತಿದ್ರಾ?"

"ಒಂದು ದಿನ ತಪ್ಪಿಸಿಲ್ಲ ಡಾಕ್ಟರೇ. ನಾನೇ ಕೈಯಾರೆ ಕೊಟ್ಟಿದ್ದೇನೆ" ಎಂದಳು ಅಮ್ಮ.

ಮರುದಿನ ಬೆಳಿಗ್ಗೆ ಅಮ್ಮ ಹಕ್ಕಿಗಳಿಗೆ ಕಾಳು ಹಾಕಲು ಹೋದಳು. ಆ ಪಂಜರದ ಕೆಲಸ ಅಲ್ಲಿಯವರೆಗೆ ಅಜ್ಜಿ ಬೇರೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಕೆಳಗಿನ ತಟ್ಟೆ ಎಳೆದು ಕಸದ ಬುಟ್ಟಿಗೆ ಬಡಿಯುತ್ತಿದ್ದ ಅಮ್ಮ ತಟ್ಟನೆ ನಿಂತಳು. ಕಾಳಿನ ಹೊಟ್ಟಿನ ನಡುವೆ ಬಿಳಿ ಪುಡಿ, ಪುಡಿಯ ನಡುವೆ ತಿಳಿಗುಲಾಬಿ ಚೂರುಗಳು. ಕುಟ್ಟಾಣಿಯ ತಳದಲ್ಲೂ ಎಳ್ಳಿನ ಎಣ್ಣೆಗೆ ಅಂಟಿಕೊಂಡು ಅದೇ ಗುಲಾಬಿ. ಅಮ್ಮ ಬೆರಳಿನಿಂದ ಒಂದು ಚೂರು ತೆಗೆದು ಬೆಳಕಿಗೆ ಹಿಡಿದಳು. ಅವಳ ಮುಖ ನೋಡಿ ನನಗೆ ಹೆದರಿಕೆಯಾಯಿತು. ಅಮ್ಮ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಗ್ಯಾಲರಿಯ ನೆಲದಲ್ಲೇ ಕೂತುಬಿಟ್ಟಳು. ಮೇಲೆ ಹಳದಮ್ಮ ಹೊಸ ಮರಿಗಳಿಗೆ ಗುಟುಕು ಕೊಡುತ್ತಿದ್ದಳು.

ಆಸ್ಪತ್ರೆಯಲ್ಲಿ ಅಪ್ಪ ಮೊದಲ ಬಾರಿಗೆ ತಾಯಿಯ ಮೇಲೆ ಕೂಗಾಡಿದ್ದನ್ನು ಕಂಡೆ. "ಹಕ್ಕಿಗೆ ಹಾಕಿದ್ಯಾ? ದೀಪಾವಳಿಯಿಂದ? ನಿನ್ನ ಮೂಳೆಯ ಮಾತ್ರೆ ಹಕ್ಕಿಗಾ?"

ಅಜ್ಜಿ ಮಲಗಿದ್ದಲ್ಲಿಂದಲೇ ನಿಧಾನವಾಗಿ ಹೇಳಿದಳು. "ಚಿಪ್ಪಿನದ್ದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಮಗಾ. ಬಿಸಾಡಲಿಕ್ಕೆ ಮನಸ್ಸು ಬರಲಿಲ್ಲ, ನೀನು ಕಷ್ಟಪಟ್ಟು ತರುವುದು. ಹೇಳಿದ್ರೆ ನೀವಿಬ್ಬರೂ ನನ್ನ ಕಾಲು ಹಿಡಿದು ಹಟ ಮಾಡ್ತಿದ್ದಿರಿ. ಹಕ್ಕಿಗೆ ಮೀನಾದರೇನು, ಚಿಪ್ಪಾದರೇನು, ಅದಕ್ಕೆ ಮಡಿ ಉಂಟಾ? ಅವಳು ಹೆರುವವಳು. ನನ್ನದೆಲ್ಲ ಹೆತ್ತು ಮುಗಿದಿದೆ."

ಅಪ್ಪ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತುಬಿಟ್ಟರು. ನನಗಂತೂ ಅಜ್ಜಿ ಬೇರೆ ಯಾರೋ ಅನ್ನಿಸಿತು. ಸೊಂಟ ಮುರಿದುಕೊಂಡು ಮಲಗಿದ್ದಾಳೆ, ಆದರೂ ಲೆಕ್ಕ ಸರಿಯಾಯಿತು ಎನ್ನುವವಳ ಹಾಗೆ ಮುಖ ಸಮಾಧಾನವಾಗಿದೆ! ಮಾತ್ರೆ ತಗೊಂಡಿದ್ದರೂ ಮುರಿಯುತ್ತಿತ್ತೋ ಏನೋ, ಈ ವಯಸ್ಸಿನಲ್ಲಿ ಖಂಡಿತ ಹೇಳಲಾಗದು ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ಅದರಿಂದ ನಮ್ಮಲ್ಲಿ ಯಾರಿಗೂ ಸಮಾಧಾನ ಸಿಗಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಅದೇ ಸಂಜೆ. ಅಪ್ಪ ನನ್ನ ಕೈ ಹಿಡಿದುಕೊಂಡು ಸ್ಟೇಷನ್ ರೋಡಿನ ಔಷಧಿ ಅಂಗಡಿಗೆ ಹೋದರು. ಅಷ್ಟು ತಿಂಗಳು ಮಾತ್ರೆ ತಂದದ್ದು ಅದೇ ಅಂಗಡಿಯಿಂದ. "ಚಿಪ್ಪಿನಿಂದ ಮಾಡದ ಕ್ಯಾಲ್ಸಿಯಂ ಏನಾದರೂ ಬರುತ್ತದೆಯೇ?" ಎಂದು ಹಿಂದಿಯಲ್ಲಿ ಅಳುಕುತ್ತಲೇ ಕೇಳಿದರು. ಇಲ್ಲ ಎಂಬ ಉತ್ತರಕ್ಕೆ ಅಪ್ಪ ಸಿದ್ಧರಾಗಿದ್ದರೆಂದು ನನಗೆ ಈಗ ಅನ್ನಿಸುತ್ತದೆ. ಇಲ್ಲ ಎಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂಗಡಿಯವನು ತಲೆ ಕೂಡ ಎತ್ತಲಿಲ್ಲ. "ಹೈ ನಾ, ಪತ್ಥರ್‌ವಾಲಾ" ಎಂದ. ಸುಣ್ಣದ ಕಲ್ಲಿನಿಂದ ಮಾಡಿದ್ದು. ಹಳೆಯ ಗುಲಾಬಿ ಮಾತ್ರೆಯ ಡಬ್ಬಿಗೆ ಅಂಟಿಕೊಂಡೇ ಇದ್ದ ಡಬ್ಬಿಯಿಂದ ಒಂದು ಪಟ್ಟಿ ಎಳೆದು ಗಾಜಿನ ಮೇಲಿಟ್ಟ. ಜೈನರು, ಮಾರವಾಡಿಗಳು ಎಲ್ಲ ಇದನ್ನೇ ಒಯ್ಯುವುದು, ನೀವು ಕೇಳಲೇ ಇಲ್ಲವಲ್ಲ ಎಂದ.

ಅಪ್ಪ ಆ ಪಟ್ಟಿಯನ್ನು ಮುಟ್ಟದೆ ನೋಡುತ್ತ ನಿಂತರು. ಹಿಂದಿನವರು ಸರಿಯಿರಿ ಎಂದು ತಳ್ಳಿದರೂ ಕದಲಲಿಲ್ಲ. ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬೆರಳು ನೋಯುತ್ತಿತ್ತು. ನಾವು ಕೇಳಿರಲಿಲ್ಲ. ಅಜ್ಜಿ ನಮಗೆ ಹೇಳಿರಲಿಲ್ಲ. ದಿನಕ್ಕೆ ನೂರು ಮಾತಾಡುವ ಮನೆಯಲ್ಲಿ ಈ ಒಂದು ಮಾತು ಯಾರ ಬಾಯಿಂದಲೂ ಹೊರಗೆ ಬಂದಿರಲಿಲ್ಲ.

ಅಜ್ಜಿ ಕಲ್ಲಿನ ಮಾತ್ರೆಯನ್ನು ಒಂದು ತಕರಾರೂ ಇಲ್ಲದೆ ನುಂಗಿದಳು. "ಹೀಗೂ ಉಂಟಾ?" ಎಂದು ಮಗುವಿನಂತೆ ಅಚ್ಚರಿಪಟ್ಟಳು. ಆದರೆ ಸೊಂಟ ಕೂಡಲಿಲ್ಲ. ಮಳೆಗಾಲ ಪೂರ್ತಿ ಹಾಸಿಗೆಯಲ್ಲೇ ಕಳೆದಳು. ಪಂಜರವನ್ನು ಒಳಗೆ ತಂದು ಅವಳ ಕಣ್ಣೆದುರೇ ತೂಗು ಹಾಕಿದೆವು. ಒಂದು ದಿನ ಅಜ್ಜಿ ತಾನಾಗಿಯೇ, "ಸುಮಾ, ಶಾರದನ ಹತ್ರ ಆ ಮೊಟ್ಟೆ ಸಿಪ್ಪೆಯ ಪುಡಿ ಸ್ವಲ್ಪ ಕೇಳು. ಹಳದಮ್ಮನಿಗೆ ಇನ್ನು ಯಾರು ಕೊಡ್ತಾರೆ?" ಎಂದಾಗ ಅಮ್ಮನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಶಾರದಕ್ಕ ಕಾಗದದ ಪೊಟ್ಟಣದಲ್ಲಿ ಪುಡಿ ತಂದು, ಹೊಸ್ತಿಲಲ್ಲೇ ನಿಂತು ಅತ್ತರು. ಅಮ್ಮ ಅವರ ಕೈಹಿಡಿದು ಒಳಗೆ ಕರೆದಳು. ಆ ವರ್ಷದ ನವರಾತ್ರಿಗೆ ಅಜ್ಜಿ ಇರಲಿಲ್ಲ.

ಈಗ ಆ ಬಿಲ್ಡಿಂಗೂ ಇಲ್ಲ. ಅಲ್ಲಿ ಟವರ್ ಎದ್ದಿದೆ, ಗ್ಯಾಲರಿಗಳಿಗೆಲ್ಲ ಗಾಜು ಹಾಕಿದ್ದಾರೆ. ಶಾರದಕ್ಕನವರು ಊರಿಗೆ ಹೋದರು, ಅಪ್ಪ ತೀರಿಕೊಂಡು ಮೂರು ವರ್ಷವಾಯಿತು, ಅಮ್ಮ ಠಾಣೆಯಲ್ಲಿ ನನ್ನ ಜೊತೆ ಇದ್ದಾಳೆ. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವುದು ಮಾತ್ರ ಹಿಂದಿಯಲ್ಲಿ. ಅವಳಿಗೂ ಒಂದು ಜೋಡಿ ಹಕ್ಕಿ ಬೇಕಂತೆ. ಹಕ್ಕಿಗೆಂದೇ ಮಾಡಿದ ಕ್ಯಾಲ್ಸಿಯಂ ಹನಿ, ಕ್ಯಾಲ್ಸಿಯಂ ಬಿಲ್ಲೆ ಎಲ್ಲವನ್ನೂ ಫೋನಿನಲ್ಲಿ ತೋರಿಸುತ್ತಾಳೆ. ಎಲ್ಲದರಲ್ಲೂ ಯಾವುದು ಯಾವುದರಿಂದ ಆದದ್ದು ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ನಾನು ಇನ್ನೂ ಹೂಂ ಎಂದಿಲ್ಲ.

ಅಮ್ಮನಿಗೂ ಈಗ ಕ್ಯಾಲ್ಸಿಯಂ ಬರೆದುಕೊಟ್ಟಿದ್ದಾರೆ. ಊಟವಾದ ಮೇಲೆ ನಾನು ಎದುರು ನಿಂತು ನುಂಗಿಸುತ್ತೇನೆ. "ಬಾಯಿ ತೆರೆ" ಎನ್ನುತ್ತೇನೆ. ಅಮ್ಮ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸುತ್ತಾಳೆ. ನನ್ನ ಮಗಳು ಬಿದ್ದು ಬಿದ್ದು ನಗುತ್ತಾಳೆ, ಅಮ್ಮನೂ ನಗುತ್ತಾಳೆ. ಮೊನ್ನೆ ಮಾತ್ರ ನಗಲಿಲ್ಲ.

"ಅತ್ತೆಗೆ ಬಾಯಿ ತೆರೆಯಿರಿ ಅಂತ ನನ್ನಿಂದ ಹೇಳ್ಲಿಕ್ಕೆ ಆಗ್ತಿತ್ತಾ ಮಗಾ?" ಎಂದಳು. "ಅವರ ಮುಖ ನೋಡಿ ಮಾತಾಡಿದವಳೇ ಅಲ್ಲ ನಾನು."

ಅಂಥ ಮರ್ಯಾದೆ ಈಗ ನಮ್ಮ ಮನೆಯಲ್ಲಿ ಉಳಿದಿಲ್ಲ. ಅಜ್ಜಿಯೂ ಉಳಿಯಲಿಲ್ಲ.